ಮಗಳ ಸೀಟು ಮತ್ತೆ ಹಿಂದಕ್ಕೆ ತಿರುಗಿತು

ಹುಬ್ಬಳ್ಳಿಯಿಂದ ಪುಣೆಗೆ ಬಂದ ಅವ್ವ ನಮ್ಮ ಕಾರಿನ ಹಿಂದಿನ ಬಾಗಿಲು ತೆಗೆದವಳೇ ಅರೆಗಳಿಗೆ ಸುಮ್ಮನೆ ನಿಂತುಬಿಟ್ಟಳು. ಒಳಗೆ ಒಂದೂವರೆ ವರ್ಷದ ಮೊಮ್ಮಗಳು ಎದೆಯ ಮೇಲೆ ಪಟ್ಟಿ ಬಿಗಿಸಿಕೊಂಡು, ಕಾರಿನ ಹಿಂಗಾಜಿನ ಕಡೆ ಮುಖ ಮಾಡಿ ಕೂತಿದ್ದಳು.

‘ಇದೇನೋ ಇದು? ಕೂಸಿನ ಮಾರಿ ಗ್ವಾಡಿ ಕಡೆ ತಿರುವಿ ಕುಂದರಿಸಿಯಲ್ಲ, ಸಾಲ್ಯಾಗ ಮಾಸ್ತರು ಶಿಕ್ಷಾ ಕೊಟ್ಟಂಗ!’

ನಾನು ನಕ್ಕೆ. ಆದರೆ ಒಳಗೊಳಗೇ ಸ್ವಲ್ಪ ನಾಚಿಕೆಯೂ ಆಯಿತು. ಯಾಕೆಂದರೆ ಹತ್ತು ದಿನದ ಹಿಂದಿನವರೆಗೂ ಆ ಸೀಟು ಮುಂದಕ್ಕೇ ಮುಖ ಮಾಡಿತ್ತು. ತಿರುಗಿಸಿದವನೂ ನಾನೇ, ಮತ್ತೆ ವಾಪಸ್ ತಿರುಗಿಸಿದವನೂ ನಾನೇ.

ಮಗಳು ಹುಟ್ಟಿದಾಗ ಔಂಧ್‌ನ ಅಂಗಡಿಯೊಂದರಲ್ಲಿ ಸೀಟು ಕೊಂಡೆವು. ಹುಟ್ಟಿನಿಂದ 18 ಕಿಲೋವರೆಗೆ ಬಳಸಬಹುದಾದ, ಎರಡೂ ಕಡೆ ತಿರುಗಿಸಿ ಕೂಡಿಸಬಹುದಾದ ಸೀಟು. ಮಾರಾಟದ ಹುಡುಗ ಚುರುಕಾಗಿದ್ದ. ‘ಒಂಬತ್ತು ಕಿಲೋ ಆದ ಕೂಡಲೇ ಮುಂದಕ್ಕೆ ತಿರುಗಿಸಿ ಸರ್, ಪಾಪುಗೂ ರಸ್ತೆ ಕಾಣುತ್ತೆ’ ಎಂದ. ವರ್ಷ ತುಂಬಿ ಒಂದು ತಿಂಗಳಿಗೆ ಮಗಳು 9 ಕಿಲೋ ಮುಟ್ಟಿದಳು. ಅದೇ ಭಾನುವಾರ ವಾಕಡ್‌ನ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಸೀಟು ತಿರುಗಿಸಿ, ಫೋಟೊ ತೆಗೆದು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಬಡ್ತಿ ಸಿಕ್ಕಷ್ಟೇ ಸಂಭ್ರಮ.

ಐದು ತಿಂಗಳ ನಂತರ ಲಸಿಕೆ ಹಾಕಿಸಲು ಹೋದಾಗ ಮಕ್ಕಳ ಡಾಕ್ಟರ್ ತಕ್ಕಡಿ ನೋಡಿ 10.2 ಎಂದು ಬರೆದುಕೊಂಡರು. ಮಾತಿಗೆ ಮಾತು ಬಂದು, ಊರಿಗೆ ಕಾರಿನಲ್ಲಿ ಹೊರಟಿದ್ದೇವೆ ಎಂದೆ. ‘ಸೀಟು ಯಾವ ಕಡೆಗಿದೆ?’ ಎಂದು ಕೇಳಿದರು. ಹೇಳಿದೆ. ‘ಯಾಕೆ ತಿರುಗಿಸಿದಿರಿ?’ ಉತ್ತರ ನನ್ನ ಹತ್ತಿರ ಇರಲಿಲ್ಲ. ಒಂಬತ್ತು ಕಿಲೋ ಆಯಿತಲ್ಲ ಎಂದೆ. ‘ಮನೆಗೆ ಹೋಗಿ ಸೀಟಿನ ಬದಿಯ ಚೀಟಿ ಇನ್ನೊಮ್ಮೆ ಓದಿ’ ಎಂದರು.

ಓದಿದೆ. ಕಿತ್ತಳೆ ಬಣ್ಣದ ಚೀಟಿ, ಅದರಲ್ಲಿ ವೃತ್ತದೊಳಗೊಂದು ಇ ಅಕ್ಷರ, ಕೆಳಗೆ ಇಸಿಇ ಆರ್44/04 ಎಂಬ ಯುರೋಪಿನ ಮಾನದಂಡದ ಗುರುತು. ಕೈಪಿಡಿಯಲ್ಲಿ ಎರಡು ಸಾಲು: ಹಿಂದಕ್ಕೆ ಮುಖವಾಗಿ 13 ಕಿಲೋವರೆಗೆ, ಮುಂದಕ್ಕೆ ಮುಖವಾಗಿ 9ರಿಂದ 18 ಕಿಲೋ. ಅಂದರೆ 9ರಿಂದ 13ರ ನಡುವೆ ಎರಡೂ ಕಡೆ ಕೂಡಿಸಬಹುದು. 9 ಎಂಬುದು ಅದಕ್ಕಿಂತ ಮುಂಚೆ ತಿರುಗಿಸಲೇಬಾರದು ಎಂಬ ಗಡಿ. ನಾನು ಅದನ್ನು ಆವತ್ತೇ ತಿರುಗಿಸಬೇಕು ಎಂಬ ಮುಹೂರ್ತವಾಗಿ ಓದಿಕೊಂಡಿದ್ದೆ. ಅಂಗಡಿಯವನೂ ಹಾಗೆಯೇ ಓದಿದ್ದ. ನಮ್ಮ ಸೊಸೈಟಿಯಲ್ಲಿ ವಿಚಾರಿಸಿದರೆ ಹೆಚ್ಚುಕಡಿಮೆ ಎಲ್ಲ ಅಪ್ಪಂದಿರೂ ಹಾಗೆಯೇ ಓದಿದ್ದರು!

ಆ ನಾಲ್ಕು ಕಿಲೋ ಎಷ್ಟು ದೊಡ್ಡದು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ನಡುಮಟ್ಟದ ಹೆಣ್ಣುಮಗು ವರ್ಷ ತುಂಬುವಾಗ 8.9 ಕಿಲೋ, ಎರಡು ವರ್ಷಕ್ಕೆ 11.5 ಕಿಲೋ. 13 ಮುಟ್ಟುವುದು ಎರಡೂವರೆ ದಾಟಿದ ಮೇಲೆಯೇ. ಗಂಡುಮಗು ಕೆಲವು ತಿಂಗಳು ಮುಂಚೆ ಮುಟ್ಟೀತು. ನಮ್ಮ ಕಡೆಯ ಸಣಕಲು ಮಕ್ಕಳಿಗೆ ಇನ್ನೂ ತಡ. ಹಿಂದಕ್ಕೆ ಮುಖ ಮಾಡಿ ಕೂಡಬಹುದಾದ ಹೆಚ್ಚುಕಡಿಮೆ ಒಂದೂವರೆ ವರ್ಷವನ್ನು ನಾನು ಒಂದು ಭಾನುವಾರ ಬೆಳಿಗ್ಗೆ ಕೈಯಾರೆ ಬಿಟ್ಟುಕೊಟ್ಟಿದ್ದೆ.

ಹಿಂದಕ್ಕೇ ಯಾಕೆ? ನಾನು ಕೆಲಸ ಮಾಡುವುದು ಹಿಂಜೇವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ, ಓದಿದ್ದು ಮೆಕ್ಯಾನಿಕಲ್. ಮರೆತ ಲೆಕ್ಕವನ್ನು ಆವತ್ತು ರಾತ್ರಿ ಕೂತು ಮಾಡಿದೆ. ಗಂಟೆಗೆ 50 ಕಿ.ಮೀ. ಓಡುವ ಕಾರು ಯಾವುದಕ್ಕಾದರೂ ಗುದ್ದಿ ನಿಂತರೆ, ಅದು ಸುಮಾರು 10 ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ಮೂರನೇ ಮಹಡಿ ಅನ್ನಿ. ಕಾರಿನ ಮೂತಿ ಎರಡಡಿ ನಜ್ಜುಗುಜ್ಜಾಗಿ ನಿಂತಿತು ಎಂದುಕೊಂಡರೂ ಒಳಗಿದ್ದವರ ಮೇಲಿನ ಒತ್ತಡ ಅವರವರ ತೂಕದ ಹದಿನಾರು ಪಟ್ಟು. 10 ಕಿಲೋದ ಕೂಸು ಆ ಕ್ಷಣಕ್ಕೆ 160 ಕಿಲೋ. ಎಪಿಎಂಸಿ ಅಂಗಳದ ಒಂದೂವರೆ ಚೀಲ ಜೋಳ. ತೊಡೆಯ ಮೇಲೆ ಕೂಸನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ ಎನ್ನುವವರು ಇದನ್ನೊಮ್ಮೆ ಯೋಚಿಸಬೇಕು.

ಪಟ್ಟಿ ಬಿಗಿದು ಮುಂದಕ್ಕೆ ಕೂಡಿಸಿದರೆ ಮೈ ನಿಲ್ಲುತ್ತದೆ, ತಲೆ ನಿಲ್ಲುವುದಿಲ್ಲ. ದೊಡ್ಡವರಲ್ಲಿ ತಲೆ ಎತ್ತರದ ಏಳೆಂಟರಲ್ಲೊಂದು ಭಾಗ. ಹುಟ್ಟಿದ ಮಗುವಿನಲ್ಲಿ ನಾಲ್ಕರಲ್ಲೊಂದು. ಅಷ್ಟು ಭಾರದ ತಲೆಯನ್ನು ಹೊತ್ತ ಕತ್ತಿನ ಮೂಳೆಗಳು ಈ ವಯಸ್ಸಿನಲ್ಲಿ ಪೂರ್ತಿ ಮೂಳೆಗಳೂ ಅಲ್ಲ. ತುಂಡುತುಂಡಾಗಿ ಮೃದ್ವಸ್ಥಿಯಿಂದ ಕೂಡಿಕೊಂಡಿರುತ್ತವೆ. ಅವು ಬೆಸೆದು ಗಟ್ಟಿಯಾಗಲು ಮೂರರಿಂದ ಆರು ವರ್ಷ ಬೇಕು. ತಲೆ ಮುಂದಕ್ಕೆ ಚಿಮ್ಮಿದರೆ ಎಳೆತ ಪೂರ್ತಿ ಆ ಕತ್ತಿಗೆ, ಒಳಗಿನ ಬೆನ್ನುಹುರಿಗೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಚಿಪ್ಪಿಗೆ ಒತ್ತಿಕೊಳ್ಳುತ್ತವೆ. ಅಂಗೈಯಲ್ಲಿ ಹಿಡಿದಂತೆ.

ಈ ಯೋಚನೆ ಮೊದಲು ಹೊಳೆದದ್ದು ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ಸಂಶೋಧಕರಿಗೆ. ಅಮೆರಿಕದ ಜೆಮಿನಿ ಗಗನಯಾತ್ರಿಗಳು ಒತ್ತಡವನ್ನು ಬೆನ್ನಿನಿಂದ ತಡೆದುಕೊಳ್ಳುವಂತೆ ಮಲಗುತ್ತಿದ್ದ ಆಸನ ನೋಡಿ, 1964ರಲ್ಲಿ ವೋಲ್ವೊ ಕಾರಿನಲ್ಲಿ ಹಿಂದಕ್ಕೆ ಮುಖ ಮಾಡಿದ ಮಕ್ಕಳ ಸೀಟಿನ ಮೊದಲ ಮಾದರಿ ಪರೀಕ್ಷಿಸಿದರು. ಅಲ್ಲಿ ಈಗಲೂ ನಾಲ್ಕು ವರ್ಷದವರೆಗೆ ಮಕ್ಕಳನ್ನು ಹಾಗೆ ಕೂಡಿಸುವುದು ರೂಢಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಎರಡು ವರ್ಷದವರೆಗೆ ಎಂದಿತ್ತು. 2018ರಲ್ಲಿ ವಯಸ್ಸನ್ನೇ ಕೈಬಿಟ್ಟು, ಸೀಟು ಅನುಮತಿಸುವ ತೂಕ ಅಥವಾ ಎತ್ತರದ ಮಿತಿ ಮುಟ್ಟುವವರೆಗೆ ಎಂದು ತಿದ್ದಿತು. ಯುರೋಪಿನ ಹೊಸ ಮಾನದಂಡ ಆರ್129ರಲ್ಲಿ 15 ತಿಂಗಳು ದಾಟುವ ಮುಂಚೆ ಮುಂದಕ್ಕೆ ತಿರುಗಿಸಲು ಅನುಮತಿಯೇ ಇಲ್ಲ. ನಾನು ತಿರುಗಿಸಿದ್ದು 13ಕ್ಕೆ.

ನಮ್ಮ ಕಾನೂನು? ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194-ಬಿ ಕಲಮಿನಂತೆ, 14 ವರ್ಷದೊಳಗಿನ ಮಗು ಬೆಲ್ಟಿನಲ್ಲಾಗಲಿ ಮಕ್ಕಳ ಸೀಟಿನಲ್ಲಾಗಲಿ ಭದ್ರವಾಗಿರದಿದ್ದರೆ 1000 ರೂಪಾಯಿ ದಂಡ. ಮುಖ ಯಾವ ಕಡೆಗಿರಬೇಕು ಎಂದು ಆ ಕಲಮು ಹೇಳುವುದಿಲ್ಲ. 2024ರ ಅಕ್ಟೋಬರಿನಲ್ಲಿ ಕೇರಳದ ಸಾರಿಗೆ ಅಧಿಕಾರಿಗಳು ಮಕ್ಕಳ ಸೀಟು ಕಡ್ಡಾಯ ಎಂದರು. ಗದ್ದಲವಾದ ಮೇಲೆ ಸಚಿವರು ಹಿಂದೆ ಸರಿದರು. ಪುಣೆಯಲ್ಲಿ ಹೆಲ್ಮೆಟ್ಟಿಗೇ ಜಗಳವಾಗುತ್ತದೆ, ಇನ್ನು ಕೂಸಿನ ಸೀಟನ್ನು ಯಾವ ಪೊಲೀಸಪ್ಪ ಕೇಳುತ್ತಾನೆ?

ಈಗ ಸೀಟು ಕೊಳ್ಳಲಿರುವವರಿಗೆ ನಾನು ಕಲಿತ ಕೆಲವು ಮಾತು. ಬಣ್ಣ, ಮೆತ್ತೆ, ಬಾಟಲಿ ಇಡುವ ಜಾಗ ನೋಡುವ ಮುಂಚೆ ‘ಹಿಂದಕ್ಕೆ ಮುಖವಾಗಿ ಎಷ್ಟು ಕಿಲೋವರೆಗೆ’ ಎಂದು ಕೇಳಿ. ಕೆಲವದರಲ್ಲಿ ಅದು ಹತ್ತಕ್ಕೇ ಮುಗಿಯುತ್ತದೆ, ಕೆಲವು 13, ಇನ್ನು ಕೆಲವು 18ರವರೆಗೂ ಒಪ್ಪುತ್ತವೆ. ಸೀಟನ್ನು ಅಂಗಡಿಯ ಹೊರಗೆ ತಂದು ನಿಮ್ಮ ಕಾರಿನಲ್ಲೇ ಇಟ್ಟು ನೋಡಿ. ಹಿಂದಕ್ಕೆ ಮುಖ ಮಾಡಿದ ಸೀಟು ಒರಗಿ ಕೂಡುವುದರಿಂದ ಜಾಗ ಹೆಚ್ಚು ತಿನ್ನುತ್ತದೆ. ನಮ್ಮ ಸಣ್ಣ ಕಾರಿನಲ್ಲಿ ಎದುರಿನ ಸೀಟನ್ನು ಸರಿಸಿ, ಹೆಂಡತಿ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿಸಿಕೊಂಡು ಕೂಡಬೇಕಾಯಿತು. ಜಾಗ ಸಾಲದೆಂದು ಮುಂದಿನ ಸೀಟಿಗೆ ಮಾತ್ರ ಒಯ್ಯಬೇಡಿ. ಏರ್‌ಬ್ಯಾಗ್ ಸಿಡಿದರೆ ಅದು ನೇರ ಮಗುವಿನ ತಲೆಯ ಹಿಂದಿನ ಚಿಪ್ಪಿಗೆ ಬಡಿಯುತ್ತದೆ.

ಪುಣೆಯಂಥ ಊರಿನಲ್ಲಿ ಇನ್ನೊಂದು ಆಮಿಷವಿದೆ. ಬಾಣೇರ್, ವಾಕಡ್ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಮೆರಿಕದಿಂದ ವಾಪಸಾದವರು ತಮ್ಮ ಸೀಟು ಅರ್ಧ ಬೆಲೆಗೆ ಕೊಡುತ್ತಾರೆ. ಒಳ್ಳೆಯ ಸೀಟುಗಳೇ. ಆದರೆ ಅಲ್ಲಿಯ ಕಾರುಗಳಲ್ಲಿ ಬೆಲ್ಟನ್ನು ಪೂರ್ತಿ ಎಳೆದರೆ ಅದು ಬಿಗಿದು ನಿಲ್ಲುತ್ತದೆ, ಅಲ್ಲಿಯ ಸೀಟುಗಳನ್ನು ಅದನ್ನು ನಂಬಿ ಮಾಡಿರುತ್ತಾರೆ. ನಮ್ಮ ಬಹುತೇಕ ಕಾರುಗಳ ಬೆಲ್ಟು ಝಾಡಿಸಿ ಎಳೆದಾಗ ಮಾತ್ರ ಹಿಡಿಯುತ್ತದೆ. ಹಾಗಾಗಿ ಸೀಟಿನಲ್ಲೇ ಬೆಲ್ಟು ಬಿಗಿಯುವ ಕೊಂಡಿ ಇದೆಯೇ ನೋಡಿಕೊಳ್ಳಬೇಕು. ಜತೆಗೆ ಪ್ಲಾಸ್ಟಿಕ್ಕಿಗೂ ಆಯುಷ್ಯವಿದೆ. ಅವಧಿ ಮುಗಿಯುವ ದಿನಾಂಕ ಚಿಪ್ಪಿನ ಮೇಲೆ ಅಚ್ಚಾಗಿರುತ್ತದೆ. ಒಮ್ಮೆ ಅಪಘಾತ ಕಂಡ ಸೀಟು ಹೊರಗಿನಿಂದ ಹೊಸದರಂತೆಯೇ ಇರುತ್ತದೆ. ಪರಿಚಯವಿಲ್ಲದವರಿಂದ ಕೊಳ್ಳದಿರುವುದೇ ವಾಸಿ. ಹಿಂದಿನ ಸೀಟಿನ ಸಂದಿಯಲ್ಲಿ ಬೆರಳಾಡಿಸಿದರೆ ಎರಡು ಕಬ್ಬಿಣದ ಕೊಕ್ಕೆ ಸಿಗುತ್ತವೆಯೇ? ಅದೇ ಐಸೋಫಿಕ್ಸ್. ಇದ್ದರೆ ಅದಕ್ಕೆ ಹೊಂದುವ ಸೀಟನ್ನೇ ಕೊಳ್ಳಿ. ಕೂಡಿಸುವಾಗ ತಪ್ಪಾಗುವುದು ಕಡಿಮೆ.

ಕೂಡಿಸಿದ ಮೇಲೆ ಬೆಲ್ಟು ಹಾಯ್ದ ಜಾಗದಲ್ಲಿ ಹಿಡಿದು ಅಲುಗಿಸಿ. ಒಂದಂಗುಲಕ್ಕಿಂತ ಹೆಚ್ಚು ಸರಿಯಬಾರದು. ಹಿಂದಕ್ಕೆ ಮುಖವಿದ್ದಾಗ ಭುಜದ ಪಟ್ಟಿ ಭುಜದ ಮಟ್ಟದಿಂದ ಅಥವಾ ತುಸು ಕೆಳಗಿನಿಂದ ಬರಬೇಕು, ಮುಂದಕ್ಕಿದ್ದಾಗ ಭುಜದ ಮಟ್ಟದಿಂದ ಅಥವಾ ತುಸು ಮೇಲಿನಿಂದ. ಪಟ್ಟಿಯನ್ನು ಭುಜದ ಹತ್ತಿರ ಚಿವುಟಿದರೆ ಬೆರಳಿಗೆ ಮಡಿಕೆ ಸಿಗಬಾರದು. ಸ್ವೆಟರ್ ತೆಗೆದು ಬಿಗಿಯಿರಿ, ಮೇಲೆ ಬೇಕಾದರೆ ಶಾಲು ಹೊದಿಸಿ.

‘ಕಾಲು ಮಡಚಿಕೊಂಡು ಕೂತೈತಲ್ಲೋ, ನೋಯೂದಿಲ್ಲೇನು?’ ಎಂದಳು ಅವ್ವ. ಎಲ್ಲರೂ ಕೇಳುವ ಪ್ರಶ್ನೆ ಇದು. ನೆಲದ ಮೇಲೆ ಕೂತಾಗಲೂ ಅದು ಚಕ್ಕಳಮಕ್ಕಳ ಹಾಕಿಯೇ ಆಡುತ್ತದಲ್ಲ ಎಂದೆ. ಕಾಲು ಸೀಟಿಗೆ ತಾಗುವುದು ತಿರುಗಿಸುವ ಸೂಚನೆಯಲ್ಲ. ತೂಕದ ಮಿತಿ ಮುಗಿಯುವುದು, ಇಲ್ಲವೇ ನೆತ್ತಿಯಿಂದ ಸೀಟಿನ ತುದಿಗೆ ಒಂದಂಗುಲ ಉಳಿಯುವುದು, ಇವೆರಡರಲ್ಲಿ ಮೊದಲು ಬಂದದ್ದೇ ಸೂಚನೆ.

ನಿಜವಾದ ಕಷ್ಟ ಬೇರೆ. ಒಮ್ಮೆ ರಸ್ತೆ ನೋಡಿ ರುಚಿ ಕಂಡ ಕೂಸನ್ನು ಮತ್ತೆ ಹಿಂದಕ್ಕೆ ಕೂಡಿಸುವುದು ಸುಲಭವಲ್ಲ. ಮೊದಲ ವಾರ ವಾಕಡ್‌ನಿಂದ ಔಂಧ್ ಮುಟ್ಟುವವರೆಗೆ ಅಳು. ಹೆಂಡತಿ ಪಕ್ಕದಲ್ಲಿ ಕೂತು ಹಾಡಿದಳು. ಎರಡು ಸಲ ವಾಂತಿಯೂ ಆಯಿತು. ಇಷ್ಟಕ್ಕೆ ಸೋತು ಮತ್ತೆ ಮುಂದಕ್ಕೆ ತಿರುಗಿಸಿಬಿಡೋಣ ಎಂದು ನಾನೇ ಅಂದೆ. ಹೆಂಡತಿ ಒಪ್ಪಲಿಲ್ಲ. ಹೊರಡುವ ಮುಂಚೆ ಹಾಲು ಕುಡಿಸುವುದು ಬಿಟ್ಟೆವು, ಕಿಟಕಿಗೆ ಬಿಸಿಲು ತಡೆಯುವ ಜಾಳಿಗೆ ಹಾಕಿದೆವು. ಎರಡನೇ ವಾರಕ್ಕೆ ಅಳು ನಿಂತಿತು. ಹಿಂದೆ ಬರುವ ಲಾರಿಗಳಿಗೆ ಟಾಟಾ ಮಾಡುವ ಹೊಸ ಆಟ ಶುರುವಾಯಿತು.

ನವೆಂಬರ್ ಕೊನೆಗೆ ತಮ್ಮನ ಮದುವೆ. ಹುಬ್ಬಳ್ಳಿಗೆ 400 ಕಿಲೋಮೀಟರಿಗೂ ಹೆಚ್ಚು ದಾರಿ. ಹೆಂಡತಿ ಮುಂದೆ ಕೂತಳು, ಅವ್ವ ಮೊಮ್ಮಗಳ ಪಕ್ಕ. ನವಲೆ ಸೇತುವೆ ದಾಟಿ ಕಾತ್ರಜ್ ಸುರಂಗದತ್ತ ಏರುವಾಗ ಎದುರಿನ ಇಳಿಜಾರು ತೋರಿಸಿದೆ. 2022ರ ನವೆಂಬರಿನಲ್ಲಿ ಅಲ್ಲೇ ಒಂದು ಲಾರಿ ಹತೋಟಿ ತಪ್ಪಿ ಹತ್ತಾರು ವಾಹನಗಳಿಗೆ ಗುದ್ದಿತ್ತು. ‘ಹೊಂಟಾಗ ಅಂಥಾ ಮಾತು ಆಡಬ್ಯಾಡೋ’ ಎಂದು ಅವ್ವ ಗದರಿದಳು. ಬೆಲ್ಟು ಹಾಕಿಕೊಳ್ಳಲು ಮಾತ್ರ ಒಪ್ಪಿದ್ದಳು, ಅದೂ ನನ್ನ ಕಾಟಕ್ಕೆ. ಖಂಬಾಟಕಿ ಘಾಟಿನಲ್ಲಿ ಕೂಸಿಗೆ ನಿದ್ದೆ. ‘ಈಗರೆ ತೊಡಿ ಮ್ಯಾಲೆ ಮಲಗಿಸಿಕೊಳ್ಳಲೇನು?’ ಬೇಡ ಎಂದೆ. ಸಾತಾರಾ ದಾಟುವವರೆಗೆ ಅವಳು ಮಾತಾಡಲಿಲ್ಲ. ತುಳಶಿಬಾಗಿನಲ್ಲಿ ಮದುಮಗಳಿಗೆಂದು ಕೊಂಡ ಹಿತ್ತಾಳೆಯ ಪಾತ್ರೆಯನ್ನು, ಡಿಕ್ಕಿಯಲ್ಲಿಟ್ಟರೆ ನೆಗ್ಗುತ್ತದೆ ಎಂದು ತೊಡೆಯ ಮೇಲೆಯೇ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು.

ಕರಾಡ ದಾಟಿದ ಮೇಲೆ, ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದ ಕಡೆ, ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ಉಲ್ಟಾ ದಿಕ್ಕಿನಿಂದ ಎದುರಾಯಿತು. ನನ್ನ ವೇಗ ಐವತ್ತಿದ್ದರೆ ಹೆಚ್ಚು. ಜೋರಾಗಿ ಬ್ರೇಕ್ ಒತ್ತಿದೆ. ಗುದ್ದಲಿಲ್ಲ, ನಾಲ್ಕು ಅಡಿ ಉಳಿಯಿತು. ಹಿಂದೆ ಢಣ್ ಎಂದು ಸದ್ದು. ಪಾತ್ರೆ ಅವ್ವನ ಕೈ ತಪ್ಪಿ ಹೆಂಡತಿಯ ಸೀಟಿನ ಬೆನ್ನಿಗೆ ಬಡಿದು ಕೆಳಗೆ ಬಿದ್ದಿತ್ತು. ಕೂಸು ಎಚ್ಚರವಾಯಿತು. ಅತ್ತ ಇತ್ತ ನೋಡಿ, ಹಿಂದೆ ನಿಂತ ಲಾರಿಗೆ ಟಾಟಾ ಮಾಡಿತು.

ಕಿಣಿ ಟೋಲ್ ಬರುವವರೆಗೆ ಯಾರೂ ಮಾತಾಡಲಿಲ್ಲ.

‘ಈ ಪಾತ್ರಿ ಎಷ್ಟು ಕಿಲೋ ಇದ್ದೀತು?’ ಅವ್ವ ಕೇಳಿದಳು.

‘ಮೂರು.’

‘ಕೂಸು?’

‘ಹತ್ತರ ಮ್ಯಾಲೆ.’

ಟೋಲ್ ದಾಟಿ ಚಹಾಕ್ಕೆ ನಿಂತಾಗ ಅವಳೇ ಪಾತ್ರೆಯನ್ನು ಸೀರೆಯೊಂದರಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಳು. ನೆಗ್ಗಿದ ಜಾಗವನ್ನು ಮದುವೆ ಮನೆಯಲ್ಲಿ ಯಾರೂ ಗಮನಿಸಲಿಲ್ಲ.

ಮಗಳಿಗೆ ಈಗ ಎರಡು ವರ್ಷ ದಾಟಿದೆ, 11.8 ಕಿಲೋ. ಇನ್ನೂ ಹಿಂದಕ್ಕೇ ಮುಖ. ಪ್ರತಿ ಭಾನುವಾರ ಅವ್ವನ ಫೋನ್ ಬರುತ್ತದೆ. ಮೊದಲೆಲ್ಲ ‘ಕೂಸು ಮೈ ಹತ್ತವಲ್ದು, ಸರಿಯಾಗಿ ಉಣಿಸ್ರಿ’ ಎಂದು ಬೈಯುತ್ತಿದ್ದಳು. ಈಗಲೂ ಬೈಯುತ್ತಾಳೆ. ಆಮೇಲೆ ದನಿ ತಗ್ಗಿಸಿ ಕೇಳುತ್ತಾಳೆ: ‘ಹದಿಮೂರು ಆಗಿಲ್ಲಲ್ಲ ಇನ್ನಾ?’