ಡಿಎನ್‌ಎಯಲ್ಲಿ ಪಾಠಶೋಧನ
ಓಲೆಯ ಪ್ರತಿಯಲ್ಲಿ ಅರ್ಥವಿಲ್ಲದ ಅಪಪಾಠವನ್ನು ಗುರುತಿಸುವುದು ಸುಲಭ. ಅರ್ಥವುಳ್ಳ ಅಪಪಾಠವನ್ನು ಗುರುತಿಸುವುದು ಕಷ್ಟ. ಡಿಎನ್‌ಎಯಲ್ಲಿಯೂ ಹೀಗೆಯೇ. ಗ್ವಾನಿನ್ನಿಗೆ ಜೊತೆಯಾದ ಸೈಟೊಸಿನ್ ತನ್ನ ಅಮೈನೊ ಗುಂಪನ್ನು ಕಳೆದುಕೊಂಡರೆ ಯುರಾಸಿಲ್ ಆಗುವುದು. ಅದು ಅಲ್ಲಿಗೆ ಪರಕೀಯವಾದ ಅಕ್ಷರವಾದುದರಿಂದ ಗುರುತಿಗೆ ಸಿಕ್ಕುವುದು. ಮೀಥೈಲ್ ಗುಂಪುಳ್ಳ ಸೈಟೊಸಿನ್ ಹಾಗೆಯೇ ಕೆಟ್ಟರೆ ಥೈಮಿನ್ ಆಗುವುದು. ಇದಾದರೋ ಡಿಎನ್‌ಎಯ ಸ್ವಂತ ಅಕ್ಷರ. ಎದುರಿನ ಗ್ವಾನಿನ್ನಿನೊಡನೆ ಹೊಂದದಿರುವುದೊಂದೇ ಇಲ್ಲಿ ದೋಷಕ್ಕೆ ಸಾಕ್ಷಿ.

ಇಂತಹ ಥೈಮಿನ್ನನ್ನು ತೆಗೆಯುವ ಗ್ಲೈಕೊಸಿಲೇಸ್ ಎಂಬ ಕಿಣ್ವವು ಮಾನವಕೋಶಗಳಲ್ಲಿ ಉಂಟೆಂಬುದನ್ನು ವೀಬಾವರ್, ಯಿರಿಚ್ನಿ ಎಂಬ ವಿದ್ವಾಂಸರು 1990ರಲ್ಲಿ ತೋರಿಸಿದರು. ಅದು ಥೈಮಿನ್ನನ್ನು ಸುರುಳಿಯಿಂದ ಹೊರಕ್ಕೆ ಹೊರಳಿಸಿ, ಸಕ್ಕರೆಯೊಡನೆ ಅದಕ್ಕಿರುವ ಬಂಧವನ್ನು ಮಾತ್ರ ಕಡಿಯುವುದು. ಬರಿದಾದ ಎಡೆಯಲ್ಲಿ ಇತರ ಕಿಣ್ವಗಳು ಸೈಟೊಸಿನ್ನನ್ನು ಕೂಡಿಸುವುವು. ಗ್ವಾನಿನ್ನನ್ನು ಅದು ಮುಟ್ಟದು. ಗ್ವಾನಿನ್ನನ್ನೇ ತೆಗೆದು ತಿದ್ದಿದ್ದಾದರೆ ಅಪಪಾಠವೇ ಸ್ಥಿರಪಾಠವಾಗಿ ಮುಂದಿನ ಕೋಶಸಂತತಿಗೆ ಇಳಿಯುತ್ತಿದ್ದಿತು.