ಸಾವಿರದಲ್ಲೊಂದು ಕ್ಯೂಸೆಕ್

ಮಳೆಗಾಲ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ನದಿದಂಡೆಯ ಊರುಗಳಲ್ಲಿ ಎಲ್ಲರ ಬಾಯಲ್ಲೂ ಕ್ಯೂಸೆಕ್ ಲೆಕ್ಕ. ರಾಜಾಪುರ ಬ್ಯಾರೇಜಿನಿಂದ ಕೃಷ್ಣೆಗೆ ಇವತ್ತು ಎಷ್ಟು ಬಿಟ್ಟರು, ದೂಧಗಂಗಾ ಎಷ್ಟು ತಂದಿತು, ಕಲ್ಲೋಳ-ಯಡೂರ ಸೇತುವೆ ಮುಳುಗಿತೋ ಇಲ್ಲವೋ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್ ನೀರು. ಹೊಳೆಯ ಈ ಅಳತೆಯಲ್ಲೇ ಮನೆಯೊಳಗಿನ ಮೀನಿನ ತೊಟ್ಟಿಯೊಂದನ್ನು ಅಳೆದು ನೋಡೋಣ.

ತೊಟ್ಟಿ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು. ಹಿಡಿಯುವುದು 40 ಲೀಟರ್. ತಳದಲ್ಲಿ ಮರಳು, ಅದರಲ್ಲಿ ನೆಟ್ಟ ಜಲಸಸ್ಯ, ಹತ್ತು ಸಣ್ಣ ಮೀನು. ಮೂಲೆಯಲ್ಲಿ ಟೀ ಲೋಟದಷ್ಟು ದೊಡ್ಡ ಸ್ಪಂಜು, ಅದಕ್ಕೊಂದು ಏರ್ ಪಂಪ್. ಗುಳ್ಳೆಗಳು ಕೊಳವೆಯಲ್ಲಿ ಮೇಲೇರುವಾಗ ನೀರನ್ನೂ ಎತ್ತಿಕೊಂಡು ಹೋಗುತ್ತವೆ, ಆ ಜಾಗ ತುಂಬಲು ಹೊಸ ನೀರು ಸ್ಪಂಜಿನ ರಂಧ್ರಗಳ ಮೂಲಕ ಒಳಗೆ ನುಗ್ಗುತ್ತದೆ. ಹೀಗೆ ಗಂಟೆಗೆ 100 ಲೀಟರ್ ಹಾದುಹೋದರೆ ಅದು ಸುಮಾರು ಸಾವಿರದಲ್ಲೊಂದು ಕ್ಯೂಸೆಕ್. ಲಕ್ಷ ಕ್ಯೂಸೆಕ್ ಪ್ರವಾಹಕ್ಕೆ ಸಮನಾಗಲು ಇಂಥ 10 ಕೋಟಿ ಸ್ಪಂಜುಗಳು ಬೇಕು. ಆದರೂ ತೊಟ್ಟಿಯ ಅಷ್ಟೂ ನೀರು ದಿನಕ್ಕೆ 60 ಸಲ ಈ ಸ್ಪಂಜನ್ನು ಹಾದು ಬರುತ್ತದೆ!

ಈಗ ಗಾಳಿಯ ಲೆಕ್ಕ. ಪಂಪ್ ನಿಮಿಷಕ್ಕೆ ಒಂದು ಲೀಟರ್ ಗಾಳಿ ಊದುತ್ತದೆ, ಒಂದೊಂದು ಗುಳ್ಳೆ 4 ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 30 ಸಾವಿರ ಗುಳ್ಳೆ, ದಿನಕ್ಕೆ 4.3 ಕೋಟಿ. ಇನ್ನೂ ಬೆರಗಿನದು ಆಮ್ಲಜನಕದ ಸಂಗತಿ. ಈ ಸೀಮೆಯ ಎತ್ತರದಲ್ಲಿ, ಬೇಸಿಗೆಯ ಬಿಸಿಯಲ್ಲಿ, ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ 7 ಮಿಲಿಗ್ರಾಂ ಆಸುಪಾಸು. 40 ಲೀಟರಿಗೆ 280 ಮಿಲಿಗ್ರಾಂ. ಹೆಚ್ಚುಕಡಿಮೆ ಅಷ್ಟೇ ಆಮ್ಲಜನಕ ನಮ್ಮ ಸುತ್ತಲಿನ ಒಂದೇ ಒಂದು ಲೀಟರ್ ಗಾಳಿಯಲ್ಲಿದೆ. ಮೀನುಗಳ ಇಡೀ ಲೋಕದ ಉಸಿರು ನಮ್ಮ ಎರಡು ಉಸಿರಿನಷ್ಟು!

ತೊಟ್ಟಿಯಲ್ಲಿ ನಿಜವಾಗಿ ಹೆದರಬೇಕಾದದ್ದು ಕಣ್ಣಿಗೆ ಕಾಣುವ ಕೊಳೆಗಲ್ಲ, ಅಮೋನಿಯಕ್ಕೆ. ಹತ್ತು ಸಣ್ಣ ಮೀನಿಗೆ ದಿನಕ್ಕೆ ಒಂದು ಗ್ರಾಮಿನ ಹತ್ತನೇ ಒಂದು ಭಾಗ ಮೇವು ಹಾಕಿದರೆ, ಮೀನುಸಾಕಣೆಯವರ ಸೂತ್ರದ ಪ್ರಕಾರ ಸುಮಾರು 3.7 ಮಿಲಿಗ್ರಾಂ ಸಾರಜನಕ ಅಮೋನಿಯವಾಗಿ ನೀರಿಗಿಳಿಯುತ್ತದೆ. ಕೇಳಲು ಏನೂ ಅಲ್ಲ. ಆದರೆ ಅದನ್ನು ಯಾರೂ ತಿನ್ನದಿದ್ದರೆ ಹನ್ನೊಂದೇ ದಿನಕ್ಕೆ ಲೀಟರಿಗೆ ಒಂದು ಮಿಲಿಗ್ರಾಂ ಮುಟ್ಟುತ್ತದೆ. ನೀರಿನ ಪಿಎಚ್ 7 ಇದ್ದಾಗ, 25 ಡಿಗ್ರಿ ಉಷ್ಣತೆಯಲ್ಲಿ, ಅದರಲ್ಲಿ ವಿಷರೂಪದ ಪಾಲು ಶೇ 0.6ರಷ್ಟು. ಪಿಎಚ್ 8ಕ್ಕೆ ಏರಿದರೆ ಅದು ಶೇ 5.4. ಒಂದಂಕಿ ಏರಿದ್ದಕ್ಕೆ ಒಂಬತ್ತು ಪಟ್ಟು ವಿಷ. ಬೋರ್‌ವೆಲ್‌ನ ಗಡುಸು ನೀರು ತುಂಬುವವರು ಇದನ್ನು ನೆನಪಿಡಬೇಕು. ಅದೇ ಗಡುಸು ನೀರು ಇನ್ನೊಂದು ಕಡೆಯಿಂದ ಕಾಯುತ್ತದೆ. ಒಂದು ಮಿಲಿಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾಗಳು 7 ಮಿಲಿಗ್ರಾಂಗಿಂತ ಹೆಚ್ಚು ಕ್ಷಾರ ಖರ್ಚು ಮಾಡುತ್ತವೆ. ಲೀಟರಿಗೆ 250 ಮಿಲಿಗ್ರಾಂ ಕ್ಷಾರವಿರುವ ನೀರಾದರೆ, ಒಮ್ಮೆ ತುಂಬಿದ್ದೇ ಒಂದು ವರ್ಷಕ್ಕೂ ಮೀರಿ ಬರುತ್ತದೆ.

ಇಷ್ಟು ಕೆಲಸಕ್ಕೆ ಲೋಟದಷ್ಟು ಸ್ಪಂಜು ಸಾಕೇ? ಬಿಡಿಸಿ ಹರಡಿದರೆ ಅದರೊಳಗಿನ ಮೈ ಸುಮಾರು 1,500 ಚದರ ಸೆಂಟಿಮೀಟರ್, ತೊಟ್ಟಿಯ ತಳಕ್ಕಿಂತ ಸ್ವಲ್ಪವೇ ಹೆಚ್ಚು. ಬ್ಯಾಕ್ಟೀರಿಯಾ ಒಂದು ಮೈಕ್ರಾನ್ ಅಗಲದ್ದು. ಒಂದೇ ಪದರದಲ್ಲಿ ಒತ್ತಾಗಿ ಕೂತರೂ ಇಲ್ಲಿ 15 ಸಾವಿರ ಕೋಟಿ ಜೀವಗಳಿಗೆ ಜಾಗವಿದೆ, ಭೂಮಿಯ ಮೇಲಿನ ಜನಸಂಖ್ಯೆಯ ಹದಿನೆಂಟು ಪಟ್ಟು. ಒಳ್ಳೆಯ ಸ್ಥಿತಿಯಲ್ಲಿ ಇಂಥ ಒಂದು ಚದರ ಮೀಟರ್ ಮೈ ದಿನಕ್ಕೆ ನೂರಾರು ಮಿಲಿಗ್ರಾಂ ಅಮೋನಿಯ ಜೀರ್ಣಿಸಿಕೊಳ್ಳಬಲ್ಲದು. ನಮ್ಮ ತೊಟ್ಟಿ ಕೇಳುವುದು ಆ ಲೆಕ್ಕದಲ್ಲಿ ಬರೀ 25.

ಇಲ್ಲೊಂದು ಮಾತು ಹೇಳಲೇಬೇಕು. ತೊಟ್ಟಿಯಲ್ಲಿ ಅತಿ ದೊಡ್ಡ ಮೈ ಸ್ಪಂಜಿನದಲ್ಲ, ಮರಳಿನದು. 2 ಮಿಲಿಮೀಟರ್ ಕಾಳಿನ ಮರಳು ನಾಲ್ಕು ಸೆಂಟಿಮೀಟರ್ ದಪ್ಪ ಹಾಸಿದರೆ ಕಾಳುಗಳ ಮೈ ಸೇರಿ ಸುಮಾರು 10 ಚದರ ಮೀಟರ್, ಸ್ಪಂಜಿನ ಅರವತ್ತು ಪಟ್ಟಿಗೂ ಹೆಚ್ಚು. ಎಲೆಗಳದ್ದು ಬೇರೆ. ಆ ಎಲೆಗಳು ತಾವೇ ಅಮೋನಿಯ ಹೀರುತ್ತವೆ, ಹಲವು ಜಲಸಸ್ಯಗಳಿಗೆ ನೈಟ್ರೇಟಿಗಿಂತ ಅದೇ ಇಷ್ಟ. ಗಿಡ ನೆಟ್ಟ ಸಣ್ಣ ತೊಟ್ಟಿಗೆ ದೊಡ್ಡ ಫಿಲ್ಟರ್ ಬೇಡ ಎನ್ನಲು ಇದೇ ನನ್ನ ಕಾರಣ. ಹಾಗೆಂದು ಸ್ಪಂಜೇ ಬೇಡ ಎಂದಲ್ಲ. ಮರಳಿನ ಆಳಕ್ಕೆ ನೀರು ತಾನಾಗಿ ಹರಿಯುವುದಿಲ್ಲ, ರಾತ್ರಿ ಎಲೆಗಳೂ ಆಮ್ಲಜನಕ ಬೇಡುತ್ತವೆ. ಸ್ಪಂಜು ಹಗಲಿರುಳೂ ನೀರನ್ನು ಎಳೆಯುತ್ತಿರುತ್ತದೆ, ಮರಿಮೀನನ್ನು ಮಾತ್ರ ಎಳೆಯುವುದಿಲ್ಲ. ಅಂಗುಲಕ್ಕೆ 30 ರಂಧ್ರದ ಸ್ಪಂಜಿನಲ್ಲಿ ಒಂದೊಂದು ರಂಧ್ರ 0.85 ಮಿಲಿಮೀಟರಿಗೂ ಕಿರಿದು.

ಅಮೋನಿಯವನ್ನು ನೈಟ್ರೇಟ್ ಮಾಡುವ ಈ ಕೆಲಸದ ವೇಗವನ್ನು ದೊಡ್ಡ ಪ್ರಮಾಣದಲ್ಲಿ ಕಂಡದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಅಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಸಂಶೋಧಕರು ಚರಂಡಿ ನೀರಿಗೆ ಗಾಳಿ ಊದುತ್ತ ಕೂತರು. ಅಮೋನಿಯ ಪೂರ್ತಿ ನೈಟ್ರೇಟ್ ಆಗಲು ಮೊದಲ ಸಲ ಐದು ವಾರ ಹಿಡಿಯಿತು. ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಮೇಲೆ ಹೊಸ ನೀರು ಹಾಕುತ್ತ ಹೋದಂತೆ ಅದೇ ಕೆಲಸ ಒಂದೇ ದಿನದೊಳಗೆ ಮುಗಿಯತೊಡಗಿತು. ಇದು 1914ರಲ್ಲಿ ಪ್ರಕಟವಾಯಿತು. ಅವರಿಗೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು.

ಹೊಸ ತೊಟ್ಟಿ ಪಳಗಲು ಇವತ್ತಿಗೂ ನಾಲ್ಕರಿಂದ ಆರು ವಾರ ಬೇಕು. ಕರುಳಿನ ಇ. ಕೋಲೈ 20 ನಿಮಿಷಕ್ಕೆ ಇಮ್ಮಡಿಯಾಗಬಲ್ಲದು, ಅಮೋನಿಯ ತಿನ್ನುವವು ಒಮ್ಮೆ ಇಮ್ಮಡಿಯಾಗಲು ಹಲವು ಗಂಟೆ, ಎಷ್ಟೋ ಸಲ ಇಡೀ ದಿನ ತೆಗೆದುಕೊಳ್ಳುತ್ತವೆ. ಅಷ್ಟು ನಿಧಾನವಾಗಿ ಬೆಳೆದದ್ದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವುದು ನನಗೆ ಸಂಕಟದ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ನಿಯಮ, ಅದು ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲು. ತೊಟ್ಟಿಯಿಂದ ತೆಗೆದ ಒಂದು ಬಕೆಟ್ ನೀರಿನಲ್ಲೇ ಸ್ಪಂಜನ್ನು ನಾಲ್ಕು ಸಲ ಹಿಂಡಿ ಮತ್ತೆ ಇಟ್ಟರೆ ಸಾಕು.

ಸ್ಪಂಜಿನೊಳಗೆ ಕೂತು ಅಮೋನಿಯವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವವು ಯಾರು ಎಂಬ ತನಿಖೆಯೂ ಮುಗಿದಿಲ್ಲ. ವಿಜ್ಞಾನಿ ವಿನೊಗ್ರಾಡ್ಸ್ಕಿ ಇಂಥವನ್ನು ಬೇರ್ಪಡಿಸಿದ್ದು 1890ರಲ್ಲಿ. ನೂರು ವರ್ಷದ ಮೇಲೆ, 1998ರಲ್ಲಿ, ಅಕ್ವೇರಿಯಂಗಳಲ್ಲಿ ನೈಟ್ರೈಟ್ ತಿನ್ನುವುದು ಎಲ್ಲರೂ ನಂಬಿದ್ದ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರಾ ಎಂದಾಯಿತು. 2011ರಲ್ಲಿ ಸಿಹಿನೀರಿನ ಹೆಚ್ಚಿನ ಫಿಲ್ಟರುಗಳಲ್ಲಿ ಅಮೋನಿಯ ತಿನ್ನುವವರ ಪೈಕಿ ಬ್ಯಾಕ್ಟೀರಿಯಾವೇ ಅಲ್ಲದ ಆರ್ಕಿಯಾಗಳದ್ದೇ ಮೇಲುಗೈ ಎಂಬುದು ಕಂಡಿತು. 2015ರಲ್ಲಿ ಎರಡೂ ಹಂತವನ್ನು ಒಬ್ಬನೇ ಮಾಡಿ ಮುಗಿಸುವ ಜೀವಿ ಸಿಕ್ಕಿತು. ಸಿಕ್ಕಿದ ಜಾಗಗಳಲ್ಲೊಂದು ಮೀನುಸಾಕಣೆಯ ಫಿಲ್ಟರ್!

ಸ್ಪಂಜು ಒಗ್ಗದ ತೊಟ್ಟಿಗಳೂ ಇವೆ. ಗಿಡಗಳಿಗೆ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಕೊಡುವವರು ಲೀಟರಿಗೆ 30 ಮಿಲಿಗ್ರಾಂ ಇರಿಸಲು ಹೆಣಗುತ್ತಾರೆ. ಗುಳ್ಳೆಗಳು ಅದನ್ನು ಗಾಳಿಯೊಂದಿಗೆ ಸಮವಾಗುವ 0.6ರತ್ತ ಎಳೆಯುತ್ತವೆ. ಅನೂಬಿಯಸ್, ಜಾವಾ ಫರ್ನ್‌ಗಳಿಗೆ ಅಷ್ಟೇ ಸಾಕಾಗುತ್ತದೆ. ವ್ಯಾಲಿಸ್ನೇರಿಯಾ ಗಡುಸು ನೀರಿನ ಬೈಕಾರ್ಬನೇಟಿನಿಂದಲೇ ಇಂಗಾಲ ತೆಗೆದುಕೊಳ್ಳಬಲ್ಲದು, ಬೋರ್ ನೀರಿಗೆ ಹೇಳಿ ಮಾಡಿಸಿದ ಗಿಡ.

3 ವ್ಯಾಟಿನ ಪಂಪ್ ವರ್ಷವಿಡೀ ಓಡಿದರೂ ತಿನ್ನುವುದು 26 ಯೂನಿಟ್ ಕರೆಂಟು. ಕರೆಂಟ್ ಹೋದಾಗಿನ ಲೆಕ್ಕ ಬೇರೆ. ಸ್ಪಂಜಿನ ರಂಧ್ರಗಳಲ್ಲಿ ನಿಂತ ನೀರು ಸುಮಾರು 150 ಮಿಲಿಲೀಟರ್, ಅದರಲ್ಲಿರುವ ಆಮ್ಲಜನಕ ಒಂದು ಮಿಲಿಗ್ರಾಂ. ದಿನದ ಅಮೋನಿಯವನ್ನೆಲ್ಲ ಸ್ಪಂಜೇ ಅರಗಿಸುತ್ತಿದ್ದರೆ ಅದಕ್ಕೆ ಬೇಕಾದ್ದು 17 ಮಿಲಿಗ್ರಾಂ. ಒಳಗಿರುವ ಆ ಒಂದು ಮಿಲಿಗ್ರಾಂ ಒಂದೂವರೆ ಗಂಟೆಗೂ ಸಾಲದು. ಕರೆಂಟ್ ಹೋದೊಡನೆ ತಾನೇ ಶುರುವಾಗುವ ಬ್ಯಾಟರಿ ಪಂಪುಗಳು ಸಿಗುತ್ತವೆ. ಸ್ಪಂಜು ಕೊಳ್ಳುವ ದಿನವೇ ಅಂಥದ್ದೊಂದನ್ನೂ ಕೊಂಡು ತನ್ನಿ.