ಐಸಿಯುನಲ್ಲಿ ಕನ್ನಡ ಕೇಳಿಸಬೇಕು
ಊರು ಬಿಟ್ಟು ನಮ್ಮ ಜೊತೆ ಚೆನ್ನೈಯಲ್ಲಿ ಇರೋಕೆ ಬಂದ ಅಪ್ಪ-ಅಮ್ಮಂದಿರ ಬಗ್ಗೆ ಇವತ್ತಿನ ಮಾತು. ಓಎಂಆರ್ ಫ್ಲ್ಯಾಟಲ್ಲಿ ಮೊಮ್ಮಕ್ಕಳನ್ನ ನೋಡ್ಕೊಂಡಿದ್ದವರು ಒಂದು ರಾತ್ರಿ ಐಸಿಯು ಸೇರ್ತಾರೆ. ಬಿಲ್ ಕಟ್ಟೋದು, ಸಹಿ ಹಾಕೋದು, ಹೊರಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಕೂರೋದು, ಇಷ್ಟೇ ನಮ್ಮ ಕೆಲಸ ಅಂದ್ಕೊಳ್ತೀವಿ. ಇನ್ನೂ ಒಂದಿದೆ.

ಐಸಿಯುನಲ್ಲಿ, ಅದರಲ್ಲೂ ವೆಂಟಿಲೇಟರ್ ಮೇಲಿರೋ ವಯಸ್ಸಾದವರಲ್ಲಿ, ಡೆಲಿರಿಯಮ್ ಬಹಳ ಸಾಮಾನ್ಯ. ಅಂದ್ರೆ ಮನಸ್ಸು ದಿಢೀರನೆ ಗೊಂದಲಕ್ಕೆ ಬೀಳೋದು, ಗಂಟೆಗೊಂದು ಥರ ಆಗೋದು. ಕೆಲವರು ಪೈಪ್ ಕೀಳೋಕೆ ಹೋಗ್ತಾರೆ. ಇನ್ನು ಕೆಲವರು ಮಂಕಾಗಿ ಮಲಗಿರ್ತಾರೆ, ಇದೇ ಹೆಚ್ಚು ಕಣ್ತಪ್ಪೋದು. ಇದು ಹುಚ್ಚಲ್ಲ, ಮುಪ್ಪಿನ ಮರೆವೂ ಅಲ್ಲ. ಸೋಂಕು, ನಿದ್ದೆಗೇಡು, ಕೆಲವು ಔಷಧಿ, ಹೀಗೆ ಕಾರಣ ಹಲವು.

ಇದನ್ನ ಪತ್ತೆ ಮಾಡೋಕೆ ಕ್ಯಾಮ್-ಐಸಿಯು ಅನ್ನೋ ಪರೀಕ್ಷೆ ಇದೆ. ನರ್ಸ್ ಹತ್ತು ಇಂಗ್ಲಿಷ್ ಅಕ್ಷರ ಒಂದೊಂದಾಗಿ ಹೇಳ್ತಾರೆ, 'ಎ' ಬಂದಾಗಲೆಲ್ಲ ರೋಗಿ ಕೈ ಅದುಮಬೇಕು. ಎರಡಕ್ಕಿಂತ ಹೆಚ್ಚು ತಪ್ಪಾದ್ರೆ ಗಮನ ನಿಲ್ತಿಲ್ಲ ಅಂತ. ಆಮೇಲೆ ಹೌದು-ಇಲ್ಲ ಪ್ರಶ್ನೆಗಳು: ಕಲ್ಲು ನೀರಲ್ಲಿ ತೇಲುತ್ತಾ? ಸಮುದ್ರದಲ್ಲಿ ಮೀನು ಇದೆಯಾ? ಈಗ ಕನ್ನಡ ಬಿಟ್ಟು ಬೇರೇನೂ ಬರದ, ಕಿವಿಯ ಮಷಿನ್ ಮನೆಯಲ್ಲೇ ಉಳಿದ ಹಿರಿಯರನ್ನ ನೆನೆಸ್ಕೊಳ್ಳಿ. 'ಕೈಯ ಅಳುತ್ತುಂಗ' ಅಂದ್ರೆ ತಮಿಳಲ್ಲಿ ಕೈ ಒತ್ತಿ ಅಂತ. ಕನ್ನಡದ ಕಿವಿಗೆ ಕೇಳೋದು 'ಅಳು'! ಅವರು ಸುಮ್ಮನಿದ್ದದ್ದು ಗೊಂದಲವೋ, ಭಾಷೆಯೋ? ಅದನ್ನ ಬಿಡಿಸಿ ಹೇಳಬಲ್ಲವರು ಮನೆಯವರೇ.

ನಮ್ಮ ಮಾವ ಇಲ್ಲಿ ಆರು ದಿನ ಐಸಿಯುನಲ್ಲಿದ್ದಾಗ ಪಕ್ಕದ ಮನೆಯವರ ಕೈಲಿ ತಮಿಳು ಲಿಪಿಯಲ್ಲಿ ಕನ್ನಡ ಬರೆಸಿ ಕೊಟ್ಟಿದ್ದೆ: ನೋವು ಇದೆಯಾ, ನೀರು ಬೇಕಾ, ಕಣ್ಣು ಬಿಡಿ. ಮಲಯಾಳಂ ಲಿಪಿಯಲ್ಲೂ ಒಂದು, ಯಾಕಂದ್ರೆ ರಾತ್ರಿ ಪಾಳಿಯ ನರ್ಸ್ ಕೇರಳದವರು. ಕನ್ನಡಕ, ಕಿವಿಯ ಮಷಿನ್ ತಲುಪಿಸಿ. ಒಳಗೆ ಬಿಟ್ಟಾಗ ಹೆಸರು ಹಿಡಿದು ಕರೆದು, ಇವತ್ತು ಯಾವ ವಾರ, ಹಗಲೋ ರಾತ್ರಿಯೋ, ಎಲ್ಲಿದೀರಿ ಅಂತ ನಿಧಾನವಾಗಿ ಹೇಳಿ. ಕೈ ತೊಳೆದೇ ಹೋಗಿ, ಪೈಪ್ ಮುಟ್ಟಬೇಡಿ.

ಇನ್ನೊಂದು ಮಾತು, ಸ್ವಲ್ಪ ಮುಜುಗರದ್ದು. ಅಪ್ಪ ದಿನಾ ಸಂಜೆ ಎರಡು ಪೆಗ್ ಹಾಕ್ತಾರೆ ಅಥವಾ ಅಮ್ಮ ವರ್ಷಗಳಿಂದ ನಿದ್ದೆ ಮಾತ್ರೆ ತಗೋತಾರೆ ಅನ್ನೋದನ್ನ ಮುಚ್ಚಿಡಬೇಡಿ. ಅವು ಥಟ್ಟನೆ ನಿಂತಾಗಲೂ ಇಂಥದೇ ಗೊಂದಲ ಬರುತ್ತೆ, ಆದ್ರೆ ಚಿಕಿತ್ಸೆ ಬೇರೆ. ಮಾನ ಹೋಗುತ್ತೆ ಅಂತ ಸುಮ್ಮನಿದ್ರೆ ಜೀವಕ್ಕೇ ಬರಬಹುದು.

ಹಾಗಂತ ಪಕ್ಕದಲ್ಲಿ ಕೂತ್ರೆ ಎಲ್ಲ ಸರಿಹೋಗಲ್ಲ. 2019ರಲ್ಲಿ ಜಾಮಾ ಪತ್ರಿಕೆಯಲ್ಲಿ ಬ್ರೆಜಿಲ್‌ನ 36 ಐಸಿಯುಗಳ ಅಧ್ಯಯನ ಬಂತು. ದಿನಕ್ಕೆ 12 ಗಂಟೆವರೆಗೂ ಮನೆಯವರನ್ನ ಬಿಟ್ಟಾಗ ಡೆಲಿರಿಯಮ್ ಶೇ. 18.9, ಸ್ವಲ್ಪ ಹೊತ್ತು ಮಾತ್ರ ಬಿಟ್ಟಾಗ ಶೇ. 20.1. ಹೇಳಿಕೊಳ್ಳೋ ವ್ಯತ್ಯಾಸ ಅಲ್ಲ. ಆದ್ರೆ ಸೋಂಕು ಹೆಚ್ಚಲಿಲ್ಲ, ಮನೆಯವರ ಆತಂಕ, ಖಿನ್ನತೆ ಕಮ್ಮಿಯಾಯ್ತು. ಭೇಟಿಯ ಹೊತ್ತು ಹೆಚ್ಚಿಸಿ ಅಂತ ಕೇಳೋಕೆ ನನಗೆ ಇಷ್ಟು ಸಾಕು.

ಡಾಕ್ಟರ್ ಜೊತೆ ಮಾತಾಡೋಕೆ ಒಬ್ಬರನ್ನೇ ಗೊತ್ತು ಮಾಡಿ, ಡಲ್ಲಾಸ್‌ನ ಅಣ್ಣನಿಗೆ ಅವರೇ ವಾಟ್ಸಾಪ್ ಮಾಡ್ಲಿ. ವಾರ್ಡಿಗೆ, ಮನೆಗೆ ಬಂದ್ಮೇಲೂ ಮರೆವು, ಕೆಟ್ಟ ಕನಸು ಕೆಲವರಲ್ಲಿ ವಾರಗಟ್ಟಲೆ ಉಳಿಯುತ್ತೆ. ದಿನಾ ಏನಾಯ್ತು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟು, ಮುಂದಿನ ಚೆಕಪ್‌ಗೆ ಹೋಗುವಾಗ ತಗೊಂಡು ಹೋಗಿ.